ಕಿಡಿ ಹಾರಿಸಿ ಬ್ಯಾಟರಿ ನೋಡಬಹುದಾ?

ಪ್ರಶ್ನೆ: ಕಾರಿನ ಬ್ಯಾಟರಿಗೆ ಮೂರು ವರ್ಷ ಆಯಿತು. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಎರಡೂ ಟರ್ಮಿನಲ್‌ಗೆ ವೈರ್ ಮುಟ್ಟಿಸಿ, ಕಿಡಿ ಬಂದರೆ ಬ್ಯಾಟರಿ ಚೆನ್ನಾಗಿದೆ ಅಂತಾರೆ ಪಕ್ಕದ ಮನೆಯವರು. ಮಾಡಲಾ?
- ಓದುಗರು, ಶಹಾಪುರ

ಉತ್ತರ: ಬೇಡ, ದಯವಿಟ್ಟು ಬೇಡ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಒಂದು ಕಿಡಿಗೆ ಸಿಡಿದು ಆಸಿಡ್ ಕಣ್ಣಿಗೇ ಹಾರಬಹುದು. ಕಲಬುರಗಿಯ ನಮ್ಮ ಗ್ಯಾರೇಜಿನ ಹುಡುಗನ ಅಂಗಿ ಮೇಲೆ ಒಮ್ಮೆ ನಾಲ್ಕು ಹನಿ ಬಿದ್ದವು. ಅಂಗಿ ಒಗೆದಾಗ ಅಲ್ಲಿ ನಾಲ್ಕು ತೂತು. ಬಟ್ಟೆ ಹೋದರೆ ಹೋಗಲಿ, ಕಣ್ಣು ಸಿಗುತ್ತದಾ?

ಒಂದು ಮಲ್ಟಿಮೀಟರ್ (ವೋಲ್ಟ್ ಅಳೆಯುವ ಸಣ್ಣ ಮೀಟರ್) ತಗೊಳ್ಳಿ. ಉಂಗುರ, ಕೈಗಡಿಯಾರ ತೆಗೆದಿಡಿ, ಕನ್ನಡಕ ಹಾಕಿಕೊಳ್ಳಿ, ಹತ್ತಿರ ಬೀಡಿ ಸಿಗರೇಟು ಬೇಡ. ರಾತ್ರಿಯಿಡೀ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡುವ ಮೊದಲೇ ನೋಡಬೇಕು. ಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. 12.6 ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12.2 ಅಂದರೆ ಹೆಚ್ಚುಕಡಿಮೆ ಅರ್ಧ.

ಅಷ್ಟಕ್ಕೇ ನಂಬಬೇಡಿ. ಮನೆಯವರಿಗೆ ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು ಕೀ ತಿರುಗಿಸಲು ಹೇಳಿ. ಪೂರ್ತಿ ಚಾರ್ಜ್ ಇದ್ದರೂ ಆಗ ಮೀಟರ್ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ ಅಂತಲೇ ಲೆಕ್ಕ. ಇಂಜಿನ್ ಓಡುವಾಗ ಸಾಮಾನ್ಯವಾಗಿ 14ರ ಆಸುಪಾಸು ಇರಬೇಕು. 13 ದಾಟದಿದ್ದರೆ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ) ತೋರಿಸಿ, ಸುಮ್ನೆ ಹೊಸ ಬ್ಯಾಟರಿಗೆ ದುಡ್ಡು ಹಾಕಬೇಡಿ.

ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ, ಅಲ್ವಾ? ಬ್ಯಾಟರಿ ನೀರು ಬೇಗ ಇಳಿಯುತ್ತದೆ. ಮುಚ್ಚಳ ತೆಗೆಯುವಂಥ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರಿನ ನೀರು ಬೇಡವೇ ಬೇಡ.