ಮಗಳ ಹತ್ತಿರ ಒಂದು ಯೂರೋ

ಬೇಸಿಗೆ ರಜೆ ಮುಗಿದು ಒಂದೆರಡು ತಿಂಗಳಾದರೆ ಸಾಕು, ಪ್ರವಾಸದ ಜಗಳಗಳು ನನ್ನ ಆಪ್ತಸಲಹೆಯ ಕೋಣೆಗೆ ಬರಲು ಶುರುವಾಗುತ್ತವೆ. ಅಪ್ಪ ಅಮ್ಮನಿಗೆ ವಿದೇಶ ತೋರಿಸಿಕೊಂಡು ಬಂದ ಮಕ್ಕಳು, ಬಂದ ಮೇಲೆ ಅವರ ಜೊತೆ ಮಾತು ಬಿಟ್ಟಿರುತ್ತಾರೆ. ವರ್ಷಕ್ಕೆ ಎರಡೋ ಮೂರೋ ಇಂಥವು ಇದ್ದೇ ಇರುತ್ತವೆ. ಅದರಲ್ಲಿ ಇದೊಂದನ್ನು ಬರೆಯಲು ಬೇರೆ ಕಾರಣವಿದೆ. ಇಲ್ಲಿ ಮೊದಲ ಎರಡು ಸಲ ನಾನು ಕೊಟ್ಟ ಸಲಹೆಯೇ ತಪ್ಪಾಗಿತ್ತು. ಮನೆಯವರನ್ನು ಕೇಳಿಕೊಂಡೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಊರು, ವಯಸ್ಸು ಎಲ್ಲ ಬದಲಿಸಿದ್ದೇನೆ.

ಮಗಳಿಗೆ 38 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಅಪ್ಪನಿಗೆ 71, ಹಾಸನದ ಕಡೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಅಮ್ಮನೂ ಸೇರಿ ಮೂವರಿಗೆ ಎಂಟು ಲಕ್ಷ ಚಿಲ್ಲರೆ ಕಟ್ಟಿ ಗುಂಪಿನ ಜೊತೆ ಯುರೋಪಿಗೆ ಹೋಗಿದ್ದರು. ಆಮ್‌ಸ್ಟರ್‌ಡ್ಯಾಂ, ಜರ್ಮನಿಯ ಕಲೋನ್, ಬ್ಲಾಕ್ ಫಾರೆಸ್ಟ್, ಅಲ್ಲಿಂದ ಸ್ವಿಟ್ಜರ್ಲೆಂಡ್. ಆರಕ್ಕೆ ಏಳು, ಏಳಕ್ಕೆ ತಿಂಡಿ, ಎಂಟಕ್ಕೆ ಬಸ್ಸು. ಹೋಗಿ ಬಂದವರಿಗೆ ಗೊತ್ತಿರುತ್ತದೆ.

ಜಗಳ ಆಗಿದ್ದು ಸ್ವಿಟ್ಜರ್ಲೆಂಡಿನ ಏಂಗೆಲ್‌ಬರ್ಗ್‌ನ ಹೋಟೆಲಿನಲ್ಲಿ. ಅಂದು ಸಂಜೆ ಬಸ್ಸಿಳಿಯುವಾಗ ಅಪ್ಪನಿಗೆ ತಲೆ ಸುತ್ತಿತ್ತು. ರಾತ್ರಿ ಮಗಳು ಅವರ ಬ್ಯಾಗ್ ತೆಗೆದು ನೋಡಿದರೆ ಬಿಪಿ ಮಾತ್ರೆಯ ಸ್ಟ್ರಿಪ್ಪಿನಲ್ಲಿ ಐದು ಮಾತ್ರೆ ಜಾಸ್ತಿ ಉಳಿದಿತ್ತು. ಐದು ದಿನದಿಂದ ತಗೊಂಡಿರಲೇ ಇಲ್ಲ. ನೀರೂ ಸರಿಯಾಗಿ ಕುಡಿಯುತ್ತಿರಲಿಲ್ಲ. ಅವಳು ಕಿರುಚಿದ ಸದ್ದಿಗೆ ಪಕ್ಕದ ರೂಮಿನವರು ಬಾಗಿಲು ತೆಗೆದು ನೋಡಿದರಂತೆ. ಮಾರನೇ ದಿನ ತಾಯಿ ಮಗಳು ಕೇಬಲ್ ಕಾರಿನಲ್ಲಿ 3,020 ಮೀಟರ್ ಎತ್ತರದ ಟಿಟ್ಲಿಸ್ ಬೆಟ್ಟದ ನಿಲ್ದಾಣಕ್ಕೆ ಹೋಗಿ ಹಿಮ ನೋಡಿ ಬಂದರು. ಅಪ್ಪ ಕೆಳಗೆ ಬೆಂಚಿನ ಮೇಲೆ ಕೂತಿದ್ದರು. ಅಲ್ಲಿಂದಾಚೆಗೆ ಮೂರು ತಿಂಗಳು ಏನಿದ್ದರೂ ಅಮ್ಮನ ಮೂಲಕವೇ ಮಾತು.

ಮೊದಲೆರಡು ಸಲ ಮಗಳೊಬ್ಬಳೇ ಬಂದಳು. ವಯಸ್ಸಾದವರ ಹಟ, ತಾಳ್ಮೆ, ಸಿಟ್ಟು ಬಂದಾಗ ಹತ್ತು ಎಣಿಸುವುದು ಅಂತೆಲ್ಲ ಹೇಳಿ ಕಳಿಸಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಅವರು ಮಾತ್ರೆ ಯಾಕೆ ಬಿಟ್ಟರು ಅಂತ ನಾನು ಒಂದು ಸಲವೂ ಕೇಳಲಿಲ್ಲ. ಮೇಷ್ಟ್ರು, ಹಟಮಾರಿ, ಅಷ್ಟೇ ಅಂದುಕೊಂಡೆ.

ಮೂರನೇ ಸಲ ಮೂವರೂ ಬಂದರು. ಮಗಳು ತಾನು ಮಾಡಿದ್ದನ್ನೆಲ್ಲ ಒಂದೊಂದಾಗಿ ಹೇಳಿದಳು. "ವೀಸಾ ಓಡಾಟ ನಾನೇ ಮಾಡಿದೆ. ಪಾಸ್‌ಪೋರ್ಟ್ ನಾನೇ ಇಟ್ಕೊಂಡೆ. ದುಡ್ಡೂ ನಾನೇ ಇಟ್ಕೊಂಡೆ, ಅವರಿಗೆ ಒಂದು ಚಿಂತೆಯೂ ಬೇಡ ಅಂತ. ಕುಡಿಯೋ ನೀರು ಕುಡಿಯೋಕೆ ಏನಾಗಿತ್ತು? ಅದೊಂದು ಹೇಳ್ಲಿ ಸಾಕು."

ಅಪ್ಪ ಫ್ಯಾನ್ ನೋಡುತ್ತಿದ್ದರು. ಅಮ್ಮ ಕೈಚೀಲದ ಜಿಪ್ಪನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು. ಹಾಗೇ ಅಂದರು, "ಅಲ್ಲಿ ಒಂದು ಸಲ ಹೋಗೋಕೆ ಒಂದು ಯೂರೋ ಕಣೇ."

ಮಗಳಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

ಬಿಡಿಸಿ ಹೇಳಿದ ಮೇಲೆ ಗೊತ್ತಾಯಿತು. ಜರ್ಮನಿಯ ಹೆದ್ದಾರಿ ಹೋಟೆಲುಗಳಲ್ಲಿ ಶೌಚಾಲಯಕ್ಕೆ ನಮ್ಮ ಮೆಟ್ರೋದಲ್ಲಿರುವಂಥ ಗೇಟು ಇರುತ್ತದೆ. ಒಂದು ಯೂರೋ ಹಾಕಿದರೆ ತೆರೆಯುತ್ತದೆ, ಜೊತೆಗೆ ಅಲ್ಲೇ ಅಂಗಡಿಯಲ್ಲಿ ಬಳಸುವ ಒಂದು ಕೂಪನ್ ಕೊಡುತ್ತದೆ. ಮೇಷ್ಟ್ರ ಜೇಬಿನಲ್ಲಿ ಒಂದು ಯೂರೋ ಇರಲಿಲ್ಲ. ಬಸ್ಸು ನಿಂತಾಗಲೆಲ್ಲ ಮಗಳು ಎಲ್ಲಿದ್ದಾಳೆ ಅಂತ ಹುಡುಕಬೇಕು. ಅವಳು ಕಾಫಿ ಕ್ಯೂನಲ್ಲಿದ್ದರೆ ಹಿಂದೆ ಹೋಗಿ ನಿಲ್ಲಬೇಕು. "ಒಂದು ಕೊಡಮ್ಮ" ಅನ್ನಬೇಕು. ಎರಡನೇ ದಿನ ಅವಳು ನಗುತ್ತಲೇ "ಮತ್ತೆ ಹೋಗ್ಬೇಕಾ ಅಪ್ಪಾ?" ಅಂದಿದ್ದಳು. ಒಂದೇ ಸಲ ಅಂದಿದ್ದು. ಕ್ಯೂನಲ್ಲಿದ್ದ ನಮ್ಮವರು ನಾಲ್ಕೈದು ಜನ ನಕ್ಕಿದ್ದರು.

ಅವರ ಬಿಪಿ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಮಾಡಿಸುವ ಔಷಧಿಯೂ ಸೇರಿತ್ತು. ಅಲ್ಲಿನ ಕಾನೂನಿನ ಪ್ರಕಾರ ಚಾಲಕ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ತಗೊಳ್ಳಲೇಬೇಕು. ಪ್ರವಾಸದ ಬಸ್ಸು ಅದಕ್ಕಿಂತ ಮುಂಚೆಯೇ ನಿಲ್ಲುತ್ತದೆ ನಿಜ. ಆದರೆ ನಮ್ಮ ಹಾಗೆ ರಸ್ತೆ ಬದಿ ಮರ ನೋಡಿ ನಿಲ್ಲಿಸುವ ಮಾತಿಲ್ಲ. ಗಣಿತದ ಮೇಷ್ಟ್ರಲ್ವಾ, ಲೆಕ್ಕ ಹಾಕಿದರು. ಏಳಕ್ಕೆ ಮಾತ್ರೆ ನುಂಗಿದರೆ ಒಂಬತ್ತಕ್ಕೆ ಶುರು, ನಿಲ್ಲಿಸುವುದು ಹತ್ತಕ್ಕೆ. ಮಾತ್ರೆ ಬಿಟ್ಟರು. ಆಮೇಲೆ ನೀರನ್ನೂ ಬಿಟ್ಟರು.

ಆಗ ಅಪ್ಪ ಬಾಯಿ ಬಿಟ್ಟರು. ಮಗಳ ಕಡೆ ನೋಡದೆ ನನಗೆ ಹೇಳಿದರು. "ಮೂವತ್ತು ವರ್ಷ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಅಂತ ಮಕ್ಕಳನ್ನ ಕರ್ಕೊಂಡು ಹೋಗಿದೀನಿ. ದುಡ್ಡಿನ ಚೀಲ ನನ್ನ ಹೆಗಲಲ್ಲೇ ಇರ್ತಿತ್ತು. ಯಾವ ಹುಡುಗ ಬೆರಳು ಎತ್ತಿದ್ರೂ ಬಸ್ ನಿಲ್ಲಿಸ್ತಿದ್ದೆ."

ಮಗಳು ಅಳಲಿಲ್ಲ. "ಹಾಗಾದ್ರೆ ತಪ್ಪು ನಂದೇನಾ ಮೇಡಂ?" ಅಂತ ನನ್ನನ್ನೇ ಕೇಳಿದಳು. ಅಷ್ಟು ಖರ್ಚು ಮಾಡಿ, ಅಷ್ಟು ಓಡಾಡಿದವಳಿಗೆ ಏನು ಹೇಳುವುದು? ಇಷ್ಟೇ ಹೇಳಿದೆ: ನಿಮ್ಮ ಪ್ರೀತಿಯಲ್ಲಿ ತಪ್ಪಿಲ್ಲ, ಪರ್ಸು ಇಟ್ಟ ಜಾಗದಲ್ಲಿ ತಪ್ಪಿದೆ. ಹೊರಡುವ ದಿನವೇ ಇಬ್ಬರಿಗೂ ಬೇರೆ ಬೇರೆ ಚೀಲದಲ್ಲಿ ಒಂದೊಂದು ಯೂರೋದ ಇಪ್ಪತ್ತಿಪ್ಪತ್ತು ನಾಣ್ಯ ಹಾಕಿಕೊಡಬೇಕಿತ್ತು. ಲೆಕ್ಕ ಕೇಳಬಾರದಿತ್ತು. ಪಾಸ್‌ಪೋರ್ಟ್ ಅವರವರ ಕುತ್ತಿಗೆಯ ಪೌಚಿನಲ್ಲಿ ಇರಲಿ, ಅದರ ಫೋಟೋ ನಿಮ್ಮ ಮೊಬೈಲಿನಲ್ಲಿರಲಿ. ಬೆಟ್ಟ ಹತ್ತಲ್ಲ, ಇಲ್ಲೇ ಕೂರ್ತೀನಿ ಅಂದರೆ "ಇಷ್ಟು ದುಡ್ಡು ಕೊಟ್ಟು ಬಂದು..." ಅನ್ನುವ ಮಾತು ಬೇಡ.

ಇದನ್ನು ಹೇಳಿದಾಗ ನನ್ನ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ. ವಯಸ್ಸಾದವರು ಪಾಸ್‌ಪೋರ್ಟ್ ಕಳೆದರೆ ಯಾರು ಹೊಣೆ ಅಂದರು. ಕಳೆಯಬಹುದು. ಮಕ್ಕಳೂ ಕಳೆಯುತ್ತಾರೆ. ಮರೆವಿನ ಕಾಯಿಲೆ ಇರುವವರ ವಿಷಯ ಬೇರೆ, ಅಲ್ಲಿ ಈ ಸಲಹೆ ಕೊಡುವುದಿಲ್ಲ. ಆದರೆ ಊರಿನಲ್ಲಿ ಪಿಂಚಣಿ, ತೋಟ, ಬ್ಯಾಂಕು ಎಲ್ಲ ಒಬ್ಬರೇ ನೋಡಿಕೊಳ್ಳುವ ಮನುಷ್ಯನ ಜೇಬನ್ನು ವಿಮಾನ ಹತ್ತಿದ ಕೂಡಲೇ ಖಾಲಿ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಮೇಷ್ಟ್ರನ್ನೂ ಸುಮ್ನೆ ಬಿಡಲಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ. ಆದರೆ ಮೊದಲೇ ಇದ್ದ ಕಾಯಿಲೆಗೆ ಎಷ್ಟೋ ಪಾಲಿಸಿಗಳಲ್ಲಿ ದುಡ್ಡು ಸಿಗುವುದಿಲ್ಲ. ಮಾತ್ರೆ ಬಿಟ್ಟು ಬಿದ್ದಿದ್ದರೆ ಆಗ ಒಂದು ಯೂರೋ ಅಲ್ಲ, ಲಕ್ಷಗಟ್ಟಲೆ ಕೇಳಬೇಕಾಗುತ್ತಿತ್ತು, ಅದೂ ಇದೇ ಮಗಳ ಹತ್ತಿರ, ಅಂದೆ. ಹೊರಡುವ ಮುಂಚೆ ಡಾಕ್ಟರ ಹತ್ತಿರ ಹೋಗಿ "ದಿನಾ ಬಸ್ ಪ್ರಯಾಣ ಇದೆ, ಮಾತ್ರೆ ಯಾವ ಹೊತ್ತಿಗೆ ತಗೊಳ್ಳಲಿ" ಅಂತ ಕೇಳಿದ್ದರೆ ಐದು ನಿಮಿಷದ ಕೆಲಸ. ಹೊತ್ತು ಬದಲಿಸಬಹುದೋ ಇಲ್ಲವೋ ಅವರು ಹೇಳುತ್ತಿದ್ದರು. ನಾವೇ ಲೆಕ್ಕ ಹಾಕಿ ಬಿಡುವುದಲ್ಲ. ಮೇಷ್ಟ್ರು ತಲೆಯಾಡಿಸಿದರು. ಒಪ್ಪಿದರೋ, ಮಾತು ಮುಗಿಯಲಿ ಅಂತಲೋ, ಗೊತ್ತಿಲ್ಲ.

ಮೊನ್ನೆ ಮಗಳು ಫೋನ್ ಮಾಡಿದ್ದಳು. ಮುಂದಿನ ವರ್ಷ ಲಂಡನ್ನಿಗೆ ಹೋಗುವ ಯೋಚನೆಯಂತೆ. ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಅನಾವರಣವಾದ ಬಸವಣ್ಣನ ಪ್ರತಿಮೆ ನೋಡಬೇಕು ಅಂತ ಅಪ್ಪನೇ ಹೊರಟಿದ್ದಾರಂತೆ. ಬ್ಯಾಂಕಿಗೆ ತಾವೇ ಹೋಗಿ ತಮ್ಮ ಹೆಸರಿನಲ್ಲಿ ವಿದೇಶದ ಖರ್ಚಿಗೆ ಬಳಸುವ ಫಾರೆಕ್ಸ್ ಕಾರ್ಡ್ ವಿಚಾರಿಸಿಕೊಂಡು ಬಂದಿದ್ದಾರೆ.

"ಪಿನ್ ಯಾರಿಗೂ ಹೇಳಲ್ವಂತೆ ಮೇಡಂ, ನಂಗೂ ಹೇಳಲ್ವಂತೆ" ಅಂದಳು. ದೂರೋ ನಗುವೋ, ದನಿಯಲ್ಲಿ ಗೊತ್ತಾಗಲಿಲ್ಲ.