ಸೈರಸ್‌ನಿಂದ ಶುರು ಮಾಡಬೇಡಿ

ಚಿಂತಾಮಣಿಯ ಲೇಖಕ ಮಿತ್ರರಿಗೆ,

ನೀವು ಕಳಿಸಿದ ‘ಮಾನವ ಹಕ್ಕುಗಳು: ಉಗಮ, ವಿಕಾಸ, ವಿಮರ್ಶೆ’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೋಲಾರದಿಂದ ಹೊರಡುವ ಸಣ್ಣ ಪತ್ರಿಕೆ, ಪುಟ ತುಂಬಿದರೆ ಸಾಕು ಅಂತ ಏನು ಬಂದರೂ ಅಚ್ಚು ಹಾಕುತ್ತಾರೆ ಅನ್ನುವ ಮಾತು ನಮ್ಮ ಬಗ್ಗೆ ಇದೆ. ನಿಜವಲ್ಲ. ನಿಮಗೆ ಬರೆಯಲು ಬರುತ್ತದೆ, ಅದಕ್ಕೇ ಇಷ್ಟುದ್ದದ ಉತ್ತರ.

ಮೊದಲ ನಾಲ್ಕು ಪುಟ ಕಿತ್ತುಹಾಕಿ. ಪ್ರಾಚೀನ ಪರ್ಷಿಯಾದ ದೊರೆ ಸೈರಸ್ ಬರೆಸಿದ ಮಣ್ಣಿನ ಸಿಲಿಂಡರನ್ನು ‘ಜಗತ್ತಿನ ಮೊದಲ ಹಕ್ಕುಗಳ ಸನ್ನದು’ ಎಂದಿದ್ದೀರಿ. ಅದರಲ್ಲಿರುವುದು ಬ್ಯಾಬಿಲೋನ್ ಗೆದ್ದ ರಾಜ ಮರ್ದುಕ್ ದೇವರ ಹೆಸರು ಹೇಳಿ ತನ್ನನ್ನು ಹೊಗಳಿಕೊಂಡ ಮಾತು. ಅದಕ್ಕೆ ಮಾನವ ಹಕ್ಕುಗಳ ಪಟ್ಟ ಕಟ್ಟಿ ಮೆರೆಸಿದ್ದು ಇರಾನಿನ ದೊರೆ ಷಾ, 1971ರಲ್ಲಿ ತನ್ನ ಅರಸೊತ್ತಿಗೆಗೆ 2,500 ವರ್ಷವಾಯಿತೆಂದು ಹಬ್ಬ ಮಾಡಿದಾಗ. ಆಗ ಅವನ ಜೈಲುಗಳಲ್ಲಿ ಕೈದಿಗಳಿಗೆ ಚಿತ್ರಹಿಂಸೆ ನಡೆಯುತ್ತಿತ್ತು. ಇಂಗ್ಲೆಂಡಿನ ದೊರೆ ಒಪ್ಪಿದ 1215ರ ಸನ್ನದು ಮ್ಯಾಗ್ನಾ ಕಾರ್ಟಾ ಕೂಡ ಸ್ವತಂತ್ರ ಗಂಡಸರ ಮಾತು. ಜಮೀನ್ದಾರನಿಗೆ ಕಟ್ಟುಬಿದ್ದ ರೈತನಿಗೆ ಅದರಿಂದ ಬಂದದ್ದು ಅತ್ಯಲ್ಪ. ಆಮೇಲೆ ‘ಇದನ್ನೆಲ್ಲ ನಮ್ಮ ಬಸವಣ್ಣನವರು ಹನ್ನೆರಡನೇ ಶತಮಾನದಲ್ಲೇ ಹೇಳಿದ್ದರು’ ಅಂತ ಒಂದು ಪ್ಯಾರಾ. ಜಾತಿ ಮುರಿದದ್ದಕ್ಕೆ ಕಲ್ಯಾಣದಲ್ಲಿ ಶರಣರು ಪ್ರಾಣವನ್ನೇ ತೆತ್ತರು. ಅದನ್ನು ವಿಶ್ವಸಂಸ್ಥೆಗೆ ಪೀಠಿಕೆ ಮಾಡಿ ಕುಗ್ಗಿಸುವುದು ಬೇಡ.

1948ರ ಭಾಗದಲ್ಲಿ ಎರಡು ತಪ್ಪಿವೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಗೆ ‘ಎಲ್ಲ ರಾಷ್ಟ್ರಗಳೂ ಒಮ್ಮತದಿಂದ ಸಹಿ ಹಾಕಿದವು’ ಎಂದು ಬರೆದಿದ್ದೀರಿ. ಸಹಿ ಯಾರೂ ಹಾಕಲಿಲ್ಲ, ಅದು ಒಪ್ಪಂದವಲ್ಲ. ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ ಸಾಮಾನ್ಯ ಸಭೆ ಮತ ಹಾಕಿತು: ಪರವಾಗಿ 48, ವಿರುದ್ಧ ಸೊನ್ನೆ, ತಟಸ್ಥ 8. ಆ ಎಂಟು ಯಾವುವು ಅಂತ ಹೇಳಿದ್ದರೆ ನಿಮ್ಮ ಲೇಖನಕ್ಕೆ ಜೀವ ಬರುತ್ತಿತ್ತು. ಸೋವಿಯತ್ ಒಕ್ಕೂಟ ಮತ್ತು ಅದರ ಜೊತೆಗಾರರು, ಸೌದಿ ಅರೇಬಿಯಾ, ಅದೇ ವರ್ಷ ವರ್ಣಭೇದವನ್ನು ಸರ್ಕಾರಿ ನೀತಿ ಮಾಡಿಕೊಂಡ ದಕ್ಷಿಣ ಆಫ್ರಿಕಾ. ‘ಅಂಗೀಕರಿಸಲ್ಪಟ್ಟಿತು’, ‘ರೂಪಿಸಲ್ಪಟ್ಟಿತು’ ಅಂತ ಪುಟಪುಟಕ್ಕೂ ಬರೆದರೆ ಇಂಥವರೆಲ್ಲ ಮರೆಯಾಗಿಬಿಡುತ್ತಾರೆ. ಕರಡು ತಿದ್ದಿದವರಲ್ಲಿ ಚೀನಾದ ಪಿ.ಸಿ. ಚಾಂಗ್ ಇದ್ದರು, ಲೆಬನಾನಿನ ಚಾರ್ಲ್ಸ್ ಮಲಿಕ್ ಇದ್ದರು. ಮೊದಲ ವಿಧಿ ಹೆಂಗಸರನ್ನು ಬಿಟ್ಟು ಓದಿಸಿಕೊಳ್ಳಬಾರದೆಂದು ಪಟ್ಟು ಹಿಡಿದು ತಿದ್ದಿಸಿದವರು ನಮ್ಮ ಹಂಸಾ ಮೆಹ್ತಾ. ನಿಮ್ಮ ಲೇಖನದಲ್ಲಿ ಇರುವುದು ಕರಡು ಸಿದ್ಧಪಡಿಸಿದ ಆಯೋಗದ ಅಧ್ಯಕ್ಷೆ, ಅಮೆರಿಕದ ಎಲಿನೋರ್ ರೂಸ್‌ವೆಲ್ಟ್ ಒಬ್ಬರೇ. ಹಾಗೆ ಬರೆದು, ಮುಂದಿನ ಪುಟದಲ್ಲಿ ‘ಇದು ಪಶ್ಚಿಮದ ಹೇರಿಕೆ’ ಅಂತ ದೂರುತ್ತೀರಿ!

ಆ ದೂರಿನಲ್ಲಿ ಹುರುಳಿಲ್ಲವೆಂದಲ್ಲ. ಆಗ ಸದಸ್ಯ ರಾಷ್ಟ್ರಗಳಿದ್ದದ್ದು 58; ಆಫ್ರಿಕಾದ ಬಹುಭಾಗ ಇನ್ನೂ ವಸಾಹತು. 1947ರಲ್ಲೇ ಅಮೆರಿಕದ ಮಾನವಶಾಸ್ತ್ರಜ್ಞರ ಸಂಘ, ಒಂದು ಸಂಸ್ಕೃತಿಯ ಮೌಲ್ಯವನ್ನು ಎಲ್ಲರ ಮೌಲ್ಯವೆನ್ನುವುದು ಹೇಗೆ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗವನ್ನು ಕೇಳಿತ್ತು. ಅದೇ ಸಂಘ 1999ರಲ್ಲಿ ಹಕ್ಕುಗಳ ಪರ ನಿಂತಿತು, ಅದನ್ನೂ ಬರೆಯಬೇಕಿತ್ತು.

ನನ್ನ ದೊಡ್ಡ ತಕರಾರು ಇಲ್ಲಿದೆ. ‘ವಿಮರ್ಶೆ’ಯನ್ನು ಊಟದ ಕೊನೆಯ ಮಜ್ಜಿಗೆಯ ಹಾಗೆ ಕೊನೆಗೆ ಬಡಿಸಿದ್ದೀರಿ. ಹಕ್ಕುಗಳ ಮಾತನ್ನು ಟೀಕಿಸಿದ ಚಿಂತಕರಲ್ಲಿ ಬೆಂಥಮ್ ಎರಡು ಸಾಲು, ಮಾರ್ಕ್ಸ್ ಎರಡು ಸಾಲು. ಆದರೆ ಹಕ್ಕುಗಳು ಬೆಳೆದದ್ದೇ ವಿಮರ್ಶೆಯಿಂದ. 1789ರ ಫ್ರೆಂಚ್ ಘೋಷಣೆ ಹೆಂಗಸರನ್ನು ಬಿಟ್ಟಿತೆಂದು ಒಲಾಂಪ್ ದ ಗೂಜ್ 1791ರಲ್ಲಿ ತಾನೇ ಇನ್ನೊಂದು ಘೋಷಣೆ ಬರೆದಳು. 1793ರಲ್ಲಿ ಅವಳ ತಲೆ ಹಾರಿಸಿದರು. ಅದೇ 1791ರಲ್ಲಿ ಫ್ರೆಂಚರ ಸಕ್ಕರೆ ತೋಟಗಳ ಗುಲಾಮರು ದಂಗೆ ಎದ್ದರು, 1804ಕ್ಕೆ ಹೈಟಿ ಎಂಬ ದೇಶ ಕಟ್ಟಿದರು. ಹೊರಗಿಟ್ಟವರು ‘ಎಲ್ಲರೂ ಅಂದಿರಲ್ಲ, ನಾವೆಲ್ಲಿ?’ ಎಂದು ಜಗಳ ತೆಗೆದಾಗಲೇ ಕಾಗದದ ಮೇಲಿನ ಮಾತು ಸ್ವಲ್ಪ ಸ್ವಲ್ಪವಾಗಿ ನಿಜವಾದದ್ದು.

ಗಾಂಧೀಜಿಯ ವಿಷಯ. ‘ಕರ್ತವ್ಯ ಮಾಡಿದವನಿಗಷ್ಟೇ ಹಕ್ಕು’ ಎನ್ನುವುದಕ್ಕೆ ಅವರು 1947ರಲ್ಲಿ ಯುನೆಸ್ಕೋ ಮುಖ್ಯಸ್ಥ ಜೂಲಿಯನ್ ಹಕ್ಸ್ಲಿಗೆ ಬರೆದ ಪತ್ರವನ್ನು ಆಧಾರ ಮಾಡಿಕೊಂಡು ತೀರ್ಪು ಕೊಟ್ಟು ಮುಗಿಸಿದ್ದೀರಿ. ಕೆಜಿಎಫ್‌ಗೆ ಒಮ್ಮೆ ಹೋಗಿ ಬನ್ನಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, ಎಪ್ಪತ್ತರ ದಶಕದಲ್ಲೇ, ರಾಜ್ಯದಲ್ಲಿ ಮಲ ಹೊರುವುದನ್ನು ನಿಷೇಧಿಸಿದ್ದರು. ಆದರೂ ಚಿನ್ನದ ಗಣಿಯ ಆ ಊರಿನಲ್ಲಿ ತೊಂಬತ್ತರ ದಶಕಕ್ಕೂ ಜನ ಒಣ ಪಾಯಿಖಾನೆ ಬಳಿಯುತ್ತಿದ್ದರು. ಅಂಥ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ತೀರ್ಪು ಬಂದದ್ದು 2014ರಲ್ಲಿ. ಆ ಜನಕ್ಕೆ ತಲೆಮಾರುಗಳಿಂದ ಕಲಿಸಿದ್ದು ಬರೀ ಕರ್ತವ್ಯ. ನಮ್ಮ ಸಂವಿಧಾನಕ್ಕೆ ಮೂಲಭೂತ ಕರ್ತವ್ಯಗಳು ಸೇರಿದ್ದು 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆ, ಸಾವಿರಾರು ಜನ ವಿಚಾರಣೆಯಿಲ್ಲದೆ ಜೈಲಿನಲ್ಲಿದ್ದಾಗ. ಗಾಂಧಿಯನ್ನು ಒಪ್ಪಿ, ಆದರೆ ಇವುಗಳಿಗೆ ಉತ್ತರ ಕೊಟ್ಟು ಒಪ್ಪಿ.

ಇನ್ನೊಂದು ಮಾತು, ಕಟುವಾಗಿದ್ದರೆ ಇರಲಿ. ಪ್ಯಾರಿಸ್, ಲಂಡನ್, ನ್ಯೂಯಾರ್ಕ್ ಎಲ್ಲ ಸುತ್ತಿದ ನಿಮ್ಮ ಲೇಖನದಲ್ಲಿ ಕಂಬಾಲಪಲ್ಲಿ ಇಲ್ಲ. ನಿಮ್ಮದೇ ತಾಲ್ಲೂಕು. 2000ನೇ ಇಸವಿ ಮಾರ್ಚ್ 11ರಂದು ಏಳು ಜನ ದಲಿತರನ್ನು ಅಲ್ಲಿ ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಘೋಷಣೆಯ ಎಂಟನೇ ವಿಧಿ ಪ್ರಕಾರ, ಹಕ್ಕಿಗೆ ಧಕ್ಕೆಯಾದವರಿಗೆಲ್ಲ ನ್ಯಾಯಾಲಯದಿಂದ ಫಲ ಕೊಡುವ ಪರಿಹಾರ ಸಿಗಬೇಕು. ಸಾಕ್ಷಿ ಹೇಳಿ ಮತ್ತೆ ಅದೇ ಊರಿನಲ್ಲಿ, ಅದೇ ಜಮೀನಿನಲ್ಲಿ ಕೂಲಿ ಮಾಡಿ ಬದುಕಬೇಕಾದವನಿಗೆ ಎಂಟನೇ ವಿಧಿ ಏನು? ಹಕ್ಕುಗಳ ಮೇಲೆ ಬಂದ ಟೀಕೆಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದನ್ನು ನಾನು ಓದಿಲ್ಲ. ಪಶ್ಚಿಮ–ಪೂರ್ವದ ಜಗಳಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

‘ಉಗಮ’ಕ್ಕೂ ದೂರ ಹೋಗಬೇಕಿಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು, ಸಭೆ ಸೇರಲು ಬಂದವರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬುದರಲ್ಲಿ ಸರ್ಕಾರದ ಲೆಕ್ಕ ಬೇರೆ, ಜನರ ಲೆಕ್ಕ ಬೇರೆ. ಸಭೆ ಸೇರುವ ಹಕ್ಕನ್ನು ಪ್ಯಾರಿಸ್‌ನಲ್ಲಿ ಇಪ್ಪತ್ತನೇ ವಿಧಿಯೆಂದು ಬರೆದದ್ದು ಅದಾಗಿ ಹತ್ತು ವರ್ಷಕ್ಕೆ.

ಹೊಸದಾಗಿ ಬರೆಯಿರಿ. ಕಂಬಾಲಪಲ್ಲಿಯಿಂದ ಹೊರಟರೂ ಸರಿ, ಕೆಜಿಎಫ್‌ನಿಂದಾದರೂ ಸರಿ, ಎರಡನ್ನೂ ತುರುಕಬೇಡಿ. ಚಿಂತಕಿ ಹಾನ್ನಾ ಅರೆಂಟ್ ಬಗ್ಗೆ, ನಾಡು ಕಳೆದುಕೊಂಡವನ ಹಕ್ಕು ಕಾಯಲು ಯಾರೂ ಇರುವುದಿಲ್ಲ ಎಂಬ ಪ್ಯಾರಾ ಚೆನ್ನಾಗಿದೆ, ಅದನ್ನು ಉಳಿಸಿಕೊಳ್ಳಿ. ಎರಡು ಸಾವಿರ ಪದ ಮೀರಬಾರದು. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ; ನೀವು ಕಳಿಸಿದ ಹಳೇ ನುಡಿ ಫೈಲಿನಲ್ಲಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು. ಸಂಭಾವನೆ ಕಡಿಮೆ, ಬರುವುದೂ ತಡ.

ಇತಿ,
ಸಂಪಾದಕ