ಬೆಳಗಿನ ನಡಿಗೆಯೊಂದೇ ಸಾಲದೇ?

ಪ್ರಶ್ನೆ: ನನಗೆ 54 ವರ್ಷ. ಬಟ್ಟೆ ಅಂಗಡಿಯ ಗಲ್ಲಾದಲ್ಲಿ ಕೂರುವ ಕೆಲಸ. ಮಧುಮೇಹಕ್ಕೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆ ನುಂಗುತ್ತೇನೆ. ದಿನವೂ ಬೆಳಿಗ್ಗೆ ಒಂದು ಗಂಟೆ ನಡೆದರೂ ಊಟದ ನಂತರದ ಸಕ್ಕರೆ 230ರಿಂದ ಇಳಿಯುತ್ತಿಲ್ಲ. ಏಕೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಡಿಗೆ ಮುಗಿಸಿ ಬೆಣ್ಣೆದೋಸೆಗೆ ಹೋಗುವ ಗೆಳೆಯರ ಬಳಗವಿದೆಯೇ ಎಂಬುದನ್ನೂ ನೀವು ಬರೆಯಬೇಕಿತ್ತು! ಇರಲಿ. ಬೆಳಗಿನ ನಡಿಗೆ ಬಿಡಬೇಡಿ. ಆದರೆ ಆಮೇಲೆ ದಿನವಿಡೀ ಕೂತೇ ಇದ್ದರೆ ಅದೊಂದೇ ಏನು ಮಾಡೀತು? ದುಡಿಯುವ ಸ್ನಾಯು ಇನ್ಸುಲಿನ್‌ನ ಅಪ್ಪಣೆಗೆ ಕಾಯದೆ ರಕ್ತದ ಗ್ಲುಕೋಸನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಸಕ್ಕರೆ ಏರುವ ಹೊತ್ತಿನಲ್ಲೇ ಸ್ನಾಯುವಿಗೆ ಕೆಲಸ ಕೊಡಿ. ಊಟವಾದ ಅರ್ಧ ಗಂಟೆಯೊಳಗೆ 15 ನಿಮಿಷ ನಡೆಯಿರಿ. ಅಂಗಡಿ ಬಿಡಲಾಗದಿದ್ದರೆ ಒಳಗೇ ಓಡಾಡಿ, ಮೇಲಿನ ಅಟ್ಟಣೆಯ ಥಾನುಗಳನ್ನು ಹುಡುಗನ ಬದಲು ನೀವೇ ಇಳಿಸಿ. ವಾರದಲ್ಲಿ ಎರಡು ಮೂರು ದಿನ ಕೈಯೂರದೆ ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸವೂ ಇರಲಿ. ತೊಡೆಯ ಸ್ನಾಯು ದೊಡ್ಡದು, ಅದರ ಹಸಿವೂ ದೊಡ್ಡದು. ವ್ಯಾಯಾಮದ ಫಲ ಒಂದೆರಡು ದಿನವಷ್ಟೇ ಉಳಿಯುವುದರಿಂದ ಸತತವಾಗಿ ಎರಡು ದಿನಕ್ಕಿಂತ ಹೆಚ್ಚು ರಜೆ ಬೇಡ.

ಗ್ಲಿಮೆಪಿರೈಡ್ ಸಕ್ಕರೆಯನ್ನು ತೀರಾ ತಗ್ಗಿಸಬಲ್ಲದು. ಕೈ ನಡುಗಿ ತಣ್ಣನೆ ಬೆವರು ಬಂದರೆ ಅಲ್ಲೇ ನಿಂತು ಮೂರು ಚಿಕ್ಕ ಚಮಚ ಸಕ್ಕರೆ ಕದಡಿದ ನೀರು ಕುಡಿಯಿರಿ. ಹೀಗೆ ಮತ್ತೆ ಮತ್ತೆ ಆದರೆ ಮಾತ್ರೆಯನ್ನು ನೀವಾಗಿಯೇ ಬಿಡದೆ ನಿಮ್ಮ ವೈದ್ಯರಿಗೆ ತೋರಿಸಿ, ಪ್ರಮಾಣ ಬದಲಿಸಬೇಕಾಗಬಹುದು.